ಸಾವಿರದ ನಾನೂರ ಹದಿನೇಳನೆಯ ಚೂರು

ಆ ದ್ವೀಪದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರಗಳು ಎರಡೇ ಎರಡು. ಅದರಲ್ಲಿ ಒಂದು ಉಸಿರು ಬಿಟ್ಟು ಮೂರು ವರ್ಷವಾಗಿತ್ತು. ಅದರ ಮೈಯಿಂದ ಒಂದೊಂದೇ ಭಾಗ ಬಿಚ್ಚಿ ಇನ್ನೊಂದಕ್ಕೆ ಜೋಡಿಸಿ, ಆ ಇನ್ನೊಂದನ್ನು ಇಷ್ಟು ದಿನ ನಡೆಸಿಕೊಂಡು ಬಂದವನು ಆಸ್ಪತ್ರೆಯ ರಿಪೇರಿಯವನು. ಐವತ್ತೆರಡರ ಗಂಡಸು, ಕಿವಿಯ ಹಿಂದೆ ಯಾವಾಗಲೂ ಒಂದು ಟೆಸ್ಟರ್. ಊರಿಗೆಲ್ಲ ಅವನು ರಿಪೇರಿಯವನು. ಅಕ್ಕನಿಗೆ ಮಾತ್ರ ಇನ್ನೂ ಪುಟ್ಟ.

ಮಂಗಳವಾರ ಮಧ್ಯಾಹ್ನ ಆ ಎರಡನೆಯ ಯಂತ್ರದೊಳಗಿಂದ ಸುಟ್ಟ ವಾಸನೆ ಬಂತು. ಬೋರ್ಡು ಹೋಗಿತ್ತು. ಅಂದು ಸಂಜೆ ಗಾಳಿ ಏಳುವ ಮೊದಲು ಹೊರಟ ಕೊನೆಯ ಲಾಂಚಿನಲ್ಲಿ ಉಳಿದ ಮೂವರು ರೋಗಿಗಳು ಆಚೆ ದಡದ ಆಸ್ಪತ್ರೆಗೆ ಹೋದರು. ಅಕ್ಕನ ರಕ್ತ ಸೋಸುತ್ತಿದ್ದುದೂ ಅದೇ ಯಂತ್ರ, ಹೋಗುವವರ ಪಟ್ಟಿಯಲ್ಲಿ ಅವಳ ಹೆಸರೂ ಇತ್ತು. ತಮ್ಮ ಬೇಡವೆಂದ. ಆ ಅಲೆಯ ಮೇಲೆ ಕುಲುಕಾಡಿಕೊಂಡು ನೀನು ಹೋಗೋದು ಯಾಕೆ, ಸತ್ತ ಯಂತ್ರದ ಬೋರ್ಡು ಇದೆ, ನಾಳೆ ಬೆಳಿಗ್ಗೆಯೊಳಗೆ ಸರಿ ಮಾಡಿಕೊಡ್ತೀನಿ ಅಂದ. ಅಕ್ಕ ಅವನ ಮಾತನ್ನು ನಂಬಿ, ಕಟ್ಟಿದ್ದ ಚೀಲ ಬಿಚ್ಚಿದಳು. ಆಮೇಲೆ ಗಾಳಿ ಎದ್ದಿತು. ಲಾಂಚು ಕಟ್ಟಿಹಾಕಿದವರು ಶನಿವಾರದವರೆಗೆ ಬಿಚ್ಚುವುದಿಲ್ಲ ಅಂದರು.

ಈಗ ಶುಕ್ರವಾರ ಬೆಳಿಗ್ಗೆ ಎಂಟು ಗಂಟೆ. ಅಕ್ಕನ ರಕ್ತ ಕೊನೆಯ ಸಲ ಸೋಸಿದ್ದು ಸೋಮವಾರ. ಡಾಕ್ಟರಮ್ಮ ರಕ್ತಪರೀಕ್ಷೆಯ ಚೀಟಿಯನ್ನು ಎರಡು ಸಲ ನೋಡಿ, ತಮ್ಮನನ್ನು ವರಾಂಡಕ್ಕೆ ಕರೆದರು. ಪೊಟ್ಯಾಸಿಯಂ ಏರಿದೆ, ಔಷಧಿಯಲ್ಲಿ ಸ್ವಲ್ಪ ಹೊತ್ತು ಹಿಡಿದಿಡಬಹುದು, ಆದರೆ ಹೃದಯ ಅದನ್ನು ಬಹಳ ಹೊತ್ತು ತಾಳುವುದಿಲ್ಲ ಎಂದರು. ಅವನು ಎಷ್ಟು ಹೊತ್ತು ಅಂತ ಕೇಳಿದ.

"ಸಂಜೆ ಐದರೊಳಗೆ ಯಂತ್ರ ಓಡಬೇಕು. ಅದರಾಚೆ ನಾನು ಮಾತು ಕೊಡೋಲ್ಲ," ಎಂದರು ಡಾಕ್ಟರಮ್ಮ.

ಬೋರ್ಡು ಬದಲಾಯಿಸುವುದು ಅವನಿಗೆ ಕಷ್ಟವೇ ಆಗಿರಲಿಲ್ಲ, ಬುಧವಾರವೇ ಮುಗಿಸಿದ್ದ. ಆದರೆ ಹೊಸ ಬೋರ್ಡು ಹೊಸದಾಗಿ ಹುಟ್ಟಿದ ಮಗುವಿದ್ದ ಹಾಗೆ, ಅದಕ್ಕೆ ಅಳತೆ ಗೊತ್ತಿರುವುದಿಲ್ಲ. ನೀರಿನಲ್ಲಿ ಉಪ್ಪು ಎಷ್ಟು, ಬಿಸಿ ಎಷ್ಟು, ರಕ್ತ ಎಷ್ಟು ವೇಗದಲ್ಲಿ ಹೋಗಬೇಕು, ಎಲ್ಲವನ್ನೂ ಅದಕ್ಕೆ ಕಲಿಸಬೇಕು. ಕಲಿಸುವುದಕ್ಕೆ ಆ ಯಂತ್ರ ಮಾಡಿದ ಕಂಪನಿಯದೇ ಒಂದು ಪ್ರೋಗ್ರಾಮು ಬೇಕು. ಕಂಪನಿ ಬಾಗಿಲು ಮುಚ್ಚಿ ಒಂಬತ್ತು ವರ್ಷವಾಗಿತ್ತು. ಪ್ರೋಗ್ರಾಮು ಅವನ ಹಳೆಯ ಕಂಪ್ಯೂಟರಿನಲ್ಲಿತ್ತು. ಕಳೆದ ವರ್ಷ ಅದರ ಡಿಸ್ಕು ಕಟಕಟ ಎಂದು ಸತ್ತಾಗ ಅವನು ಚಿಂತೆ ಮಾಡಲಿಲ್ಲ. ಗುಂಪಿನಲ್ಲಿ ಇದೆಯಲ್ಲ, ಬೇಕಾದಾಗ ಇಳಿಸಿಕೊಂಡರಾಯಿತು ಅಂದುಕೊಂಡ.

ಗುಂಪು ಎಂದರೆ ಅವನಂಥವರ ಗುಂಪು. ಎಲ್ಲೆಲ್ಲೋ ಇರುವ ಸಣ್ಣ ಸಣ್ಣ ಆಸ್ಪತ್ರೆಗಳಲ್ಲಿ, ತಯಾರಿಸಿದವರೇ ಕೈಬಿಟ್ಟ ಯಂತ್ರಗಳನ್ನು ಬದುಕಿಸುವವರು. ಒಬ್ಬರ ಮುಖ ಒಬ್ಬರು ನೋಡಿಲ್ಲ, ಹೆಸರೂ ಸರಿಯಾಗಿ ಗೊತ್ತಿಲ್ಲ. ಎಕ್ಸ್‌ರೇ ಮಾಮ ಅನ್ನುವವರು ಎಲ್ಲರಿಗಿಂತ ಹಿರಿಯರು. ಪಂಪಮ್ಮ ಅನ್ನುವಾಕೆ ಯಾವ ಪಂಪಿನ ಸದ್ದು ಕೇಳಿಸಿದರೂ ಅದರ ಕಾಯಿಲೆ ಹೇಳಬಲ್ಲವಳು. ಇವನು ಅಲ್ಲಿ ಒಂದು ರೀತಿಯ ಯಜಮಾನ. ಗುಂಪಿನ ನಿಯಮಗಳನ್ನು ಬರೆದವನು ಅವನೇ.

ಅಕ್ಕನ ಮಂಚದ ಪಕ್ಕ, ಡ್ರೆಸ್ಸಿಂಗ್ ಮಾಡುವ ತಳ್ಳುಗಾಡಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವನು ಬುಧವಾರದಿಂದ ನೋಡುತ್ತಿದ್ದದ್ದು ಒಂದೇ ಅಂಕಿ. ತೊಂಬತ್ತೊಂಬತ್ತೂವರೆ. ಗುಂಪಿನಿಂದ ಇಳಿಯುತ್ತಿದ್ದ ಪ್ರೋಗ್ರಾಮು ನೂರಕ್ಕೆ ತೊಂಬತ್ತೊಂಬತ್ತೂವರೆ ಪಾಲು ಮೊದಲ ದಿನವೇ ಬಂದು ಕೂತಿತ್ತು. ಉಳಿದ ಅರ್ಧ ಪಾಲು ಎರಡು ದಿನದಿಂದ ಅಲ್ಲಾಡಲಿಲ್ಲ. ಗುಂಪಿಗೆ ಬರೆದ: ಯಾರ ಹತ್ತಿರ ಪೂರ್ತಿ ಪ್ರೋಗ್ರಾಮು ಇದೆ? ದಯವಿಟ್ಟು ಕಂಪ್ಯೂಟರ್ ಹಚ್ಚಿಡಿ. ಯಾರೂ ಉತ್ತರ ಕೊಡಲಿಲ್ಲ. ಮತ್ತೆ ಬರೆದ. ಒಬ್ಬಿಬ್ಬರು ತಮ್ಮ ಹತ್ತಿರ ಇತ್ತು, ಈಗಿಲ್ಲ ಎಂದು ಕೈ ಮುಗಿದರು.

ಅಕ್ಕ ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವಳು. ವಿಳಾಸ ತಪ್ಪಿದ ಕಾಗದ ಕೈಗೆ ಬಂದರೆ ಒಂದು ಕ್ಷಣ ಕಣ್ಣು ಮುಚ್ಚಿ, ಇದನ್ನು ಸೇರಬೇಕಾದವರಿಗೆ ಸೇರಿಸಪ್ಪ ತಂದೆ ಎಂದು ಮನಸ್ಸಿನಲ್ಲೇ ಹೇಳಿ ಬೇರೆ ಗೂಡಿಗೆ ಹಾಕುವಳು. ಯಾವ ದೇವರು ಎಂದು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಅವಳ ಎದೆಗೆ ಅಂಟಿಸಿದ ತಂತಿಗಳು ತಲೆಯ ಬಳಿಯ ಪರದೆಯ ಮೇಲೆ ಹಸಿರು ಗೆರೆ ಎಳೆಯುತ್ತಿದ್ದವು. ಆ ಗೆರೆಯ ಗುಡ್ಡಗಳು ನಿನ್ನೆಗಿಂತ ಇಂದು ಚೂಪಾಗಿದ್ದವು. ತಮ್ಮ ಅದನ್ನು ನೋಡದಿರಲು ಪ್ರಯತ್ನಿಸುತ್ತಿದ್ದ. ಅಕ್ಕ ಅದನ್ನು ಗಮನಿಸಿದಳು. ಅದೇನು ನೋಡ್ತಾ ಕೂತಿದ್ದೀಯ, ನನಗೂ ಸ್ವಲ್ಪ ಹೇಳು ಅಂದಳು.

ಅವನು ಹೇಳಿದ. ಮೊದಮೊದಲು ಹೀಗಿರಲಿಲ್ಲ, ಬೇಕಾದ್ದೆಲ್ಲ ಒಂದು ದೊಡ್ಡ ಕಂಪ್ಯೂಟರಿನಲ್ಲಿರುತ್ತಿತ್ತು, ಎಲ್ಲರೂ ಹೋಗಿ ಅದರ ಮುಂದೆ ಸಾಲು ನಿಲ್ಲಬೇಕಿತ್ತು. ಆಮೇಲೆ ಯಾರಿಗೋ ಹೊಳೆಯಿತು: ನಮ್ಮ ನಮ್ಮ ಮನೆಯ ಕಂಪ್ಯೂಟರಿನಲ್ಲಿರುವುದನ್ನೇ ನಾವು ಒಬ್ಬರಿಗೊಬ್ಬರು ಕೊಟ್ಟುಕೊಂಡರಾಗದೇ? ಸಾಮಾನು ಮನೆಮನೆಯಲ್ಲೇ ಇರಲಿ, ಯಾರ ಮನೆಯಲ್ಲಿ ಏನಿದೆ ಅನ್ನುವುದು ಮಾತ್ರ ಒಂದು ಪುಸ್ತಕದಲ್ಲಿರಲಿ. ಹಾಗೇ ನಡೆಯಿತು. ಆದರೆ ಒಂದು ದಿನ ಪುಸ್ತಕ ಇಟ್ಟುಕೊಂಡಿದ್ದವರ ಬಾಗಿಲಿಗೆ ಬೀಗ ಬಿತ್ತು. ಸಾಮಾನೆಲ್ಲ ಇದ್ದಲ್ಲೇ ಇತ್ತು, ಎಲ್ಲಿದೆ ಅಂತ ಯಾರಿಗೂ ತಿಳಿಯದೆ ಹೋಯಿತು.

"ಅಂಚೆ ಕಚೇರಿ ಮುಚ್ಚಿದ ಹಾಗೆ," ಅಂದಳು ಅಕ್ಕ.

ಹೌದು, ಹಾಗೇ. ಆಮೇಲೆ ಪುಸ್ತಕವೇ ಬೇಡ ಅಂದರು. ಪಕ್ಕದವನನ್ನು ಕೇಳು, ಅವನು ತನ್ನ ಪಕ್ಕದವನನ್ನು ಕೇಳಲಿ. ಬೀದಿ ತುಂಬ ಕೇಳುವ ಕೂಗೇ ಕೂಗು. ಕೊಡುವವನ ಉತ್ತರ ಆ ಗಲಾಟೆಯಲ್ಲಿ ಮುಳುಗಿಹೋಗುತ್ತಿತ್ತು. ಅದಾದ ಮೇಲೆ ಬಂದದ್ದು ಈಗಿನ ದಾರಿ. ಪ್ರೋಗ್ರಾಮನ್ನು ಸಣ್ಣ ಸಣ್ಣ ಚೂರು ಮಾಡುವುದು. ಇದರಲ್ಲಿ ಎರಡು ಸಾವಿರದ ನಾನೂರು ಚೂರಿವೆ. ಪ್ರತಿ ಚೂರಿಗೂ ಒಂದು ನಂಬರು, ದಾರಿಯಲ್ಲಿ ಕೆಟ್ಟಿಲ್ಲವೆಂದು ತೋರಿಸುವ ಒಂದು ಬೆರಳಚ್ಚು. ಪೂರ್ತಿ ಬರುವವರೆಗೆ ಕಾಯುವ ಹಾಗಿಲ್ಲ, ಒಂದು ಚೂರು ಕೈಗೆ ಬಂದ ತಕ್ಷಣ ಅದನ್ನು ಇನ್ನೊಬ್ಬನಿಗೆ ಕೊಡಲು ಶುರು ಮಾಡಬೇಕು. ಯಾವ ಚೂರು ಎಲ್ಲರಿಗಿಂತ ಕಡಿಮೆ ಜನರ ಹತ್ತಿರ ಇದೆಯೋ ಅದನ್ನೇ ಮೊದಲು ಕೇಳಬೇಕು. ಬಂದ ಚೂರಿನ ಬೆರಳಚ್ಚು ಹೊಂದದಿದ್ದರೆ ಎಸೆದು ಮತ್ತೆ ಕೇಳಬೇಕು. ಆ ಹಳೆಯ ವಿಳಾಸದ ಪುಸ್ತಕವನ್ನೂ ಹಾಳೆ ಹಾಳೆಯಾಗಿ ಹರಿದು ಎಲ್ಲರಿಗೂ ಹಂಚಿದ್ದಾರೆ. ಯಾರಿಗೂ ಎಲ್ಲರೂ ಗೊತ್ತಿಲ್ಲ; ಆದರೆ ಪ್ರತಿಯೊಬ್ಬನಿಗೂ ತನಗಿಂತ ಚೆನ್ನಾಗಿ ಗೊತ್ತಿರುವ ಇನ್ನೊಬ್ಬ ಗೊತ್ತು.

ಅಕ್ಕ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದಳು. ಹಾಗಾದರೆ ಪೋಸ್ಟ್‌ಮಾಸ್ಟರ್ ಯಾರೂ ಇಲ್ಲವೋ ಅಂದಳು. ಇಲ್ಲ ಅಂದ.

"ಮತ್ತೆ ಬಾಗಿಲು ಹಾಕೋದು ಯಾರು?"

"ಯಾರೂ ಹಾಕಕ್ಕಾಗಲ್ಲ ಅಕ್ಕ. ಅದೇ ಇದರ ಚಂದ."

ಚಂದ ಅಂದವನಿಗೆ ತನ್ನ ಮಾತು ತನಗೇ ಕಹಿಯಾಯಿತು. ಬಾಗಿಲು ಹಾಕದೆಯೂ ಆ ಅರ್ಧ ಪಾಲಿನ ಹನ್ನೊಂದು ಚೂರು ಮಾಯವಾಗಿದ್ದವಲ್ಲ. ಯಾಕೆ ಮಾಯವಾದವು ಎನ್ನುವುದು ಅವನಿಗೆ ಬುಧವಾರ ಮಧ್ಯಾಹ್ನವೇ ತಿಳಿದಿತ್ತು. ಗುಂಪಿನ ಮೊದಲ ನಿಯಮ ಅವನದೇ: ಎಷ್ಟು ತೆಗೆದುಕೊಂಡಿರೋ ಅಷ್ಟು ಕೊಡಿ, ಸಮ ಆದ ಮೇಲೆ ಏಳಿ. ಆಗ ಎಲ್ಲರ ಲೈನೂ ನಿಧಾನ. ಯಾರ ಮೇಲೂ ಭಾರ ಬೀಳದಿರಲಿ ಎಂದು ಬರೆದದ್ದು. ಎಲ್ಲರೂ ಅದನ್ನು ಪ್ರಾಮಾಣಿಕವಾಗಿ ನಡೆಸಿದರು. ಒಂದು ಪಾಲು ತೆಗೆದುಕೊಂಡರು, ಒಂದು ಪಾಲು ಕೊಟ್ಟರು, ಕಂಪ್ಯೂಟರ್ ಆರಿಸಿ ಎದ್ದರು. ಮೋಸ ಮಾಡಿದವನು ಒಬ್ಬನೂ ಇಲ್ಲ. ಇನ್ನೊಬ್ಬ ಕೂತಿದ್ದಾನೆ ಎಂದುಕೊಂಡು ಪ್ರತಿಯೊಬ್ಬನೂ ಎದ್ದ. ಕೊನೆಗೆ ಉಳಿದದ್ದು ಅರ್ಧಕ್ಕೆ ನಿಂತವರು, ಮತ್ತು ಅವರಲ್ಲಿ ಯಾರ ಹತ್ತಿರವೂ ಇಲ್ಲದ ಆ ಹನ್ನೊಂದು ಚೂರು.

ಹನ್ನೊಂದು ಗಂಟೆಗೆ ನರ್ಸಮ್ಮ ಬಂದು ಸೂಜಿಮದ್ದು ಕೊಟ್ಟು ಹೋದಳು. ಅಕ್ಕನಿಗೆ ಕಾಲು ಭಾರವಾಗಿತ್ತು, ಎತ್ತಲು ಆಗುತ್ತಿರಲಿಲ್ಲ. ಅವಳಿಗೆ ದಿನಕ್ಕೆ ಅರ್ಧ ಲೋಟ ನೀರು ಮಾತ್ರ. ತುಟಿ ಒದ್ದೆ ಮಾಡಿಕೊಂಡು, ಏನಂತ ಕೇಳಿದೆ ಅವರನ್ನು ಎಂದಳು. ಅವನು ಓದಿ ಹೇಳಿದ: ಯಾರ ಹತ್ತಿರ ಪೂರ್ತಿ ಇದೆ.

ಅಕ್ಕನಿಗೆ ನಗು ಬಂತು. ನಗುವುದಕ್ಕೂ ಶಕ್ತಿ ಸಾಲದೆ ಅರ್ಧದಲ್ಲಿ ನಿಂತಿತು. ತನ್ನ ವಾರ್ಡಿನ ನಾಲ್ಕು ಮಂಚಗಳ ಕಡೆ ಕಣ್ಣಲ್ಲೇ ತೋರಿಸಿ, "ಈ ವಾರ್ಡಿಗೆ ಬಂದು ಪೂರ್ತಿ ಸರಿ ಇರೋರು ಯಾರು ಅಂತ ಕೇಳಿದ್ರೆ ಒಬ್ಬರೂ ಕೈ ಎತ್ತಲ್ಲ ಪುಟ್ಟ. ಕೆಟ್ಟದ್ದು ಯಾರ ಹತ್ತಿರ ಇದೆ ಅಂತ ಕೇಳು," ಅಂದಳು.

ಅವನಿಗೆ ತನ್ನವರ ಸ್ವಭಾವ ನೆನಪಾಯಿತು. ರಿಪೇರಿಯವರ ಜಾತಿಗೇ ಇರುವ ಒಂದು ಜಂಭ ಅದು: ಕೆಟ್ಟ ಮಾಲನ್ನು ಇನ್ನೊಬ್ಬ ರಿಪೇರಿಯವನ ಕೈಗೆ ಯಾರೂ ಕೊಡುವುದಿಲ್ಲ. ಡಿಸ್ಕು ಹಾಳಾಗಿ ಅರ್ಧ ಓದುತ್ತದೆ ಎಂದರೆ ಅದನ್ನು ಡಬ್ಬದಲ್ಲಿ ಹಾಕಿ ಮಂಚದಡಿ ತಳ್ಳುತ್ತಾರೆ, ಬಾಯಿ ಬಿಡುವುದಿಲ್ಲ. ಅರ್ಧ ಓದುವ ಡಿಸ್ಕಿನಲ್ಲಿ ಪೂರ್ತಿ ಪ್ರೋಗ್ರಾಮು ಇರುವುದಿಲ್ಲ, ನಿಜ. ಆದರೆ ಸಾವಿರ ಚೂರಾದರೂ ಇರುತ್ತದೆ. ಬೆರಳಚ್ಚು ಇದೆಯಲ್ಲ, ಯಾವುದು ಸರಿ, ಯಾವುದು ಕೆಟ್ಟದ್ದು ಎನ್ನುವುದನ್ನು ಅದು ನೋಡಿಕೊಳ್ಳುತ್ತದೆ. ಮೂರು ದಿನದಿಂದ ಅವನು ಕೇಳಿದ್ದೇ ತಪ್ಪು.

ಗುಂಪಿಗೆ ಮತ್ತೆ ಬರೆದ. ಈ ಸಲ ತನ್ನ ಅಕ್ಕನ ವಿಷಯವನ್ನೂ ಬರೆದ, ಐದು ಗಂಟೆಯನ್ನೂ ಬರೆದ. ಒಡೆದದ್ದು, ಅರ್ಧ ಓದುವುದು, ತುಕ್ಕು ಹಿಡಿದದ್ದು, ನಾಚಿಕೆಯಿಂದ ಬಚ್ಚಿಟ್ಟದ್ದು ಏನಿದ್ದರೂ ತೆಗೆದು ಹಚ್ಚಿ ಎಂದ.

ಎಕ್ಸ್‌ರೇ ಮಾಮನ ಉತ್ತರ ಐದೇ ನಿಮಿಷದಲ್ಲಿ ಬಂತು. ತಮ್ಮ ಹತ್ತಿರ ಒಂದು ಡಿಸ್ಕಿದೆ, ಅದನ್ನು ಮೊಮ್ಮಗಳು ಬಾಗಿಲು ಬಡಿದುಕೊಳ್ಳದ ಹಾಗೆ ಅಡ್ಡ ಇಟ್ಟುಕೊಂಡಿದ್ದಾಳೆ, ತೆಗೆದುಕೊಂಡು ಬರುತ್ತೇನೆ ಎಂದು. ಹನ್ನೆರಡೂಕಾಲಿಗೆ ಆ ಬಾಗಿಲ ಡಿಸ್ಕಿನಿಂದ ಆರು ಚೂರು ಬಂದವು, ಆರರ ಬೆರಳಚ್ಚೂ ಹೊಂದಿತು. ಒಂದು ಗಂಟೆಗೆ ಪಂಪಮ್ಮ, ಅರ್ಧಕ್ಕೆ ಕತ್ತರಿಸಿಹೋದ ತನ್ನ ಪ್ರತಿಯಿಂದ ನಾಲ್ಕು ಕೊಟ್ಟಳು. ಹತ್ತು. ಅವನು ಎದ್ದು ನಿಂತ, ಕೂತ. ಇನ್ನೊಂದು. ಸಾವಿರದ ನಾನೂರ ಹದಿನೇಳನೆಯದು. ಆ ಒಂದಿಲ್ಲದೆ ಪ್ರೋಗ್ರಾಮು ತೆರೆಯುವುದೇ ಇಲ್ಲ. ತೊಂಬತ್ತೊಂಬತ್ತೂವರೆಗೂ ಈಗಿನದಕ್ಕೂ ವ್ಯತ್ಯಾಸವೇನೂ ಇರಲಿಲ್ಲ.

ಒಂದೂವರೆ ಆಯಿತು. ಹಳೆಯ ಡಿಸ್ಕುಗಳು ಬರುತ್ತಲೇ ಇದ್ದವು, ಆದರೆ ಆ ಒಂದು ಚೂರು ಯಾವುದರಲ್ಲೂ ಇರಲಿಲ್ಲ. ಹಸಿರು ಗೆರೆಯಲ್ಲಿ ಒಂದು ಬಡಿತ ತಪ್ಪಿ, ತಲೆಯ ಬಳಿಯ ಪರದೆ ಕೂಗಿ, ಮತ್ತೆ ಸರಿಹೋಯಿತು. ಡಾಕ್ಟರಮ್ಮ ಓಡಿ ಬಂದವರು ಹೊರಗೆ ಹೋಗಲಿಲ್ಲ. ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು. 

ಕೆಟ್ಟದ್ದು ಯಾರ ಹತ್ತಿರ ಇದೆ ಎನ್ನುವ ಮಾತು ಅವನ ತಲೆಯಲ್ಲಿ ಸುತ್ತುತ್ತಿತ್ತು. ಸುತ್ತುತ್ತ ಸುತ್ತುತ್ತ ಅದು ಒಬ್ಬನ ಮೇಲೆ ಬಂದು ನಿಂತಿತು.

ನಾಲ್ಕು ವರ್ಷದ ಹಿಂದೆ ಗುಂಪಿಗೆ ಒಬ್ಬ ಬಂದಿದ್ದ. ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡಿದ್ದವನಂತೆ; ಬೇರೆ ಯಾರೂ ಸಿಗದೆ ಅವನ ಊರಿನ ಆಸ್ಪತ್ರೆಯವರು ಅವನನ್ನೇ ಕೆಲಸಕ್ಕೆ ಇಟ್ಟುಕೊಂಡಿದ್ದರು. ಎಲ್ಲರೂ ಅವನನ್ನು ಹೊಲಿಗೆಯಣ್ಣ ಎಂದು ಕರೆದು ನಗುತ್ತಿದ್ದರು, ಅವನೂ ನಗುತ್ತಿದ್ದ. ಅವನೂ ಇದೇ ಪ್ರೋಗ್ರಾಮು ಇಳಿಸಿಕೊಳ್ಳಲು ಬಂದವನು. ಆದರೆ ಅವನಿಂದ ಬರುವ ಚೂರುಗಳಲ್ಲಿ ಹತ್ತಕ್ಕೆ ಏಳು ಬೆರಳಚ್ಚು ಹೊಂದದೆ ಬಿದ್ದುಹೋಗುತ್ತಿದ್ದವು. ಎಲ್ಲರ ಹೊತ್ತೂ ಹಾಳಾಗುತ್ತಿತ್ತು. ರಿಪೇರಿಯವನು ಒಂದು ಸಲ ಹೇಳಿದ, ಎರಡು ಸಲ ಹೇಳಿದ. ಮೂರನೆಯ ಸಲ, ಇದು ದಾರ ಪೋಣಿಸುವ ಕೆಲಸ ಅಲ್ಲ ಎಂದು ಎಲ್ಲರೆದುರು ಬರೆದು ಅವನನ್ನು ಗುಂಪಿನಿಂದ ತೆಗೆದ. ಅಷ್ಟಕ್ಕೇ ಬಿಡಲಿಲ್ಲ. ಚೂರು ಮೇಲಿಂದ ಮೇಲೆ ತಪ್ಪಿದರೆ ಚೂರು ಹಂಚುವ ಪ್ರೋಗ್ರಾಮೇ ಅಂಥವನ ಮುಖಕ್ಕೆ ಬಾಗಿಲು ಹಾಕುತ್ತದೆ, ಆದರೆ ಆ ಬಾಗಿಲು ಕಂಪ್ಯೂಟರ್ ಆರಿಸಿ ಹಚ್ಚಿದರೆ ತೆರೆದುಕೊಳ್ಳುತ್ತದೆ. ಇವನು ಹಾಕಿದ್ದು ಹಾಗೆ ತೆರೆಯುವ ಬಾಗಿಲಲ್ಲ. ಆ ಆಸ್ಪತ್ರೆಯ ಕಂಪ್ಯೂಟರಿನ ವಿಳಾಸವನ್ನು ಒಂದು ಪಟ್ಟಿಯಲ್ಲಿ ಬರೆದು, ಎಲ್ಲರೂ ನಿಮ್ಮ ನಿಮ್ಮ ಕಂಪ್ಯೂಟರಿಗೆ ಹಾಕಿಕೊಳ್ಳಿ ಎಂದು ಗುಂಪಿಗೆ ಹಂಚಿದ್ದ. ಎಲ್ಲರೂ ಹಾಕಿಕೊಂಡರು. ಆಮೇಲೆ ಎಲ್ಲರೂ ಮರೆತರು.

ಅವನು ಆ ಪಟ್ಟಿಯನ್ನು ಹುಡುಕಿ ತೆರೆದ. ಹೊಸ ಲ್ಯಾಪ್‌ಟಾಪಿಗೂ ಅದು ಗುಂಪಿನ ಹಿಂದೆಯೇ ಬಂದಿತ್ತು. ಪಟ್ಟಿ ಎಂದರೆ ಪಟ್ಟಿಯಲ್ಲ. ಅದರಲ್ಲಿದ್ದದ್ದು ಒಂದೇ ಸಾಲು.

ಅಳಿಸಿದ.

ಎರಡು ನಿಮಿಷ ಏನೂ ಆಗಲಿಲ್ಲ. ಮೂರನೆಯ ನಿಮಿಷಕ್ಕೆ, ಯಾರು ಯಾರು ಕೂಡಿಕೊಂಡಿದ್ದಾರೆ ಎಂದು ತೋರಿಸುವ ಜಾಗದಲ್ಲಿ ಒಂದು ವಿಳಾಸ ಹೆಚ್ಚಿತು. ಪಕ್ಕದಲ್ಲಿ ಅರವತ್ತೊಂದು ಎಂಬ ಅಂಕಿ. ನಾಲ್ಕು ವರ್ಷದಿಂದ ಬಾಗಿಲ ಹೊರಗೆ ನಿಂತೇ ಇದ್ದವನು, ಬಾಗಿಲು ತೆರೆದ ಕೂಡಲೇ ಒಳಗೆ ಕಾಲಿಟ್ಟ ಹಾಗೆ. ಆ ಅರವತ್ತೊಂದು ಪಾಲಿನಲ್ಲಿ ಯಾವ ಯಾವ ಚೂರಿವೆ ಎನ್ನುವ ಸಣ್ಣ ನೀಲಿ ಗೆರೆಗಳನ್ನು ಅವನು ಒಂದೊಂದಾಗಿ ನೋಡಿದ. ಸಾವಿರದ ನಾನೂರ ಹದಿನೇಳು ಅಲ್ಲಿತ್ತು.

ಚೂರು ಬಂತು. ಬೆರಳಚ್ಚು ಹೊಂದಲಿಲ್ಲ. ಮತ್ತೆ ಕೇಳಿದ, ಮತ್ತೆ ಬಂತು, ಹೊಂದಲಿಲ್ಲ. ಅಷ್ಟಾಗುತ್ತಲೇ ಹಂಚುವ ಪ್ರೋಗ್ರಾಮು ತಾನೇ ಬಾಗಿಲು ಹಾಕಿತು. ಇವನು ಕೈಯಾರೆ ತೆಗೆದ. ಮತ್ತೆ ತಪ್ಪಿತು. ನಾಲ್ಕು ವರ್ಷದ ಹಿಂದಿನ ಅದೇ ಕಾಯಿಲೆ.

"ಏನಾಯ್ತೋ?" ಅಂದಳು ಅಕ್ಕ. ಮಾತು ತೊದಲುತ್ತಿತ್ತು.

ಅವನು ಹೇಳಿದ. ಒಳಗಿಟ್ಟುಕೊಳ್ಳದೆ ಎಲ್ಲವನ್ನೂ ಹೇಳಿದ: ಪಟ್ಟಿ, ದಾರ ಪೋಣಿಸುವ ಮಾತು, ಎಲ್ಲವನ್ನೂ. ಡಾಕ್ಟರಮ್ಮ ಕಿಟಕಿಯ ಕಡೆ ನೋಡಿದರು. 

"ಯಾರೂ ಹಾಕಕ್ಕಾಗಲ್ಲ ಅಂದಿದ್ಯಲ್ಲ," ಅಂದಳು ಅಕ್ಕ. "ಫೋನ್ ಮಾಡು. ಮೊದಲು ಮಾಡಿದ್ದನ್ನ ಹೇಳು. ಆಮೇಲೆ ಬೇಕಾದ್ದನ್ನ ಕೇಳು."

ಹಳೆಯ ಪತ್ರವೊಂದರ ಅಡಿಯಲ್ಲಿ ಆ ಆಸ್ಪತ್ರೆಯ ನಂಬರಿತ್ತು. ಎರಡು ಗಂಟೆ ಹತ್ತು ನಿಮಿಷ. ಯಾರೋ ಎತ್ತಿದರು, ಇನ್ಯಾರನ್ನೋ ಕೂಗಿದರು, ಚಪ್ಪಲಿಯ ಸದ್ದು ಹತ್ತಿರ ಬಂತು. ರಿಪೇರಿಯವನು ತಾನು ಯಾರೆಂದು ಹೇಳಿದ. ಆ ಕಡೆಯ ದನಿ ಸಂತೋಷಪಟ್ಟಿತು. ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

"ಓ, ನೀವಾ! ಗುಂಪಿಂದ ತೆಗೆದ್ರಿ, ಸರಿ. ಆದ್ರೆ ಕಂಪ್ಯೂಟರಲ್ಲೂ ಒಬ್ರೂ ಕಾಣಲಿಲ್ಲವಲ್ಲ. ಎಲ್ಲರೂ ಈ ಕೆಲಸ ಬಿಟ್ಟೇ ಹೋದ್ರೇನೋ ಅಂದ್ಕೊಂಡಿದ್ದೆ."

"ಯಾರೂ ಹೋಗಿಲ್ಲಣ್ಣ. ನಿಮ್ಮ ವಿಳಾಸಕ್ಕೆ ಬಾಗಿಲು ಹಾಕಿಸಿದ್ದು ನಾನು. ಎಲ್ಲರ ಹತ್ರಾನೂ ಹಾಕಿಸಿದ್ದೆ."

ಫೋನಿನಲ್ಲಿ ಗಾಳಿಯ ಸದ್ದು ಮಾತ್ರ. ಅದು ಈ ದ್ವೀಪದ ಗಾಳಿಯೋ ಆ ಊರಿನದೋ ತಿಳಿಯಲಿಲ್ಲ. ಅವನು ಅಕ್ಕನ ವಿಷಯ ಹೇಳಿದ, ಐದು ಗಂಟೆ ಎಂದು ಹೇಳಿದ. 

"ಚೂರಿನ ನಂಬರ್ ಹೇಳಿ," ಅಂತು ಆ ದನಿ.

ಆಮೇಲೆ ಇಬ್ಬರೂ ರಿಪೇರಿಯವರಾದರು. ಚೂರು ಡಿಸ್ಕಿನಲ್ಲಿ ಸರಿಯಾಗೇ ಇರಬೇಕು, ಹೊರಗೆ ಹೋಗುವ ದಾರಿಯಲ್ಲಿ ಕೆಡುತ್ತಿದೆ. ಅಂದರೆ ಕಂಪ್ಯೂಟರಿನೊಳಗಿನ ಎರಡು ಮೆಮೊರಿ ಕಡ್ಡಿಗಳಲ್ಲಿ ಒಂದು ಕೆಟ್ಟಿದೆ. ಅದನ್ನು ಕಿತ್ತರೆ ಸರಿಹೋಗುತ್ತದೆ. ನಾಲ್ಕು ವರ್ಷದ ಹಿಂದೆ ಎರಡು ನಿಮಿಷ ಕೂತು ಕೇಳಿದ್ದರೆ ಆಗಲೇ ಹೊಳೆಯಬಹುದಿತ್ತು. ಆದರೆ ಕೀಳುವುದಕ್ಕೆ ಕಂಪ್ಯೂಟರ್ ಆರಿಸಬೇಕು. ಹೊಲಿಗೆಯಣ್ಣ ಅದನ್ನು ನಾಲ್ಕು ವರ್ಷದಿಂದ ಒಂದು ದಿನವೂ ಆರಿಸಿರಲಿಲ್ಲ, ಆಸ್ಪತ್ರೆಯ ಬ್ಯಾಟರಿಗೇ ಅದನ್ನು ಸೇರಿಸಿಟ್ಟಿದ್ದ. ಯಾಕೆ ಎಂದು ಕೇಳಿದರೆ, ಅರವತ್ತೊಂದಕ್ಕೆ ನಿಂತಿದೆಯಲ್ಲ, ಇವತ್ತಲ್ಲ ನಾಳೆ ಯಾರಾದರೂ ಬರುತ್ತಾರೆ, ಬಂದಾಗ ನಾನಿಲ್ಲದಿದ್ದರೆ ಎಂದ.

ಇಂಥ ಯಂತ್ರಗಳ ಸ್ವಭಾವ ಇಬ್ಬರಿಗೂ ಗೊತ್ತು. ವರ್ಷಗಟ್ಟಲೆ ಓಡುತ್ತಿದ್ದ ಡಿಸ್ಕು ಓಡುವಷ್ಟು ದಿನ ಓಡುತ್ತದೆ; ಒಮ್ಮೆ ನಿಲ್ಲಿಸಿ ತಣ್ಣಗಾದರೆ ಮತ್ತೆ ಏಳುತ್ತದೆ ಎಂದು ಯಾರೂ ಹೇಳಲಾರರು. ಲೋಕದಲ್ಲಿ ಆ ಚೂರು ಉಳಿದಿರುವುದು ಅದೊಂದರಲ್ಲೇ. ಆರಿಸಬೇಡಿ, ಹೀಗೇ ಕೇಳುತ್ತಿರೋಣ, ಹತ್ತರಲ್ಲಿ ಮೂರಾದರೂ ಸರಿಯಾಗಿ ಬರುತ್ತಿತ್ತಲ್ಲ ಎಂದ ರಿಪೇರಿಯವನು. ಕೇಳಿದರು. ಐದು ಸಲ, ಒಂಬತ್ತು ಸಲ, ಹದಿನಾಲ್ಕು ಸಲ. ನಾಲ್ಕು ವರ್ಷದಲ್ಲಿ ಆ ಕಾಯಿಲೆಯೂ ಬಲಿತಿತ್ತು. ಗಂಟೆ ಮೂರಾಯಿತು. ಹಸಿರು ಗೆರೆ ಮತ್ತೊಮ್ಮೆ ತಪ್ಪಿತು. ಈ ಸಲ ಡಾಕ್ಟರಮ್ಮ ಎದ್ದು ನಿಂತು, ಸಿರಿಂಜು ಕೈಯಲ್ಲಿ ಹಿಡಿದೇ ನಿಂತರು.

"ಆರಿಸಿ," ಎಂದ ರಿಪೇರಿಯವನು.

ಹೊಲಿಗೆಯಣ್ಣ ಫೋನನ್ನು ಮೇಜಿನ ಮೇಲಿಟ್ಟ. ಆ ಕಡೆಯಿಂದ, ಗಮನ ಕೊಟ್ಟರೆ ಮಾತ್ರ ಕೇಳುತ್ತಿದ್ದ ಫ್ಯಾನಿನ ಸದ್ದೊಂದು ನಿಧಾನವಾಗಿ ಇಳಿದು ನಿಂತಿತು. ಸ್ಕ್ರೂ ತಿರುಗುವ ಸದ್ದು, ಮುಚ್ಚಳ ತೆಗೆದ ಸದ್ದು. ಕೂಡಿಕೊಂಡವರ ಪಟ್ಟಿಯಿಂದ ಅರವತ್ತೊಂದು ಮಾಯವಾಯಿತು. ಅಕ್ಕ ಕಣ್ಣು ಮುಚ್ಚಿದ್ದಳು, ತುಟಿ ಅಲುಗುತ್ತಿತ್ತು. ತಮ್ಮನಿಗೆ ಆ ಮಾತು ಗೊತ್ತಿತ್ತು. ಸೇರಬೇಕಾದವರಿಗೆ ಸೇರಿಸಪ್ಪ. ಅವನು ಪ್ರಾರ್ಥನೆ ಮಾಡುವವನಲ್ಲ. ಆದರೂ ಅವಳ ಮಾತಿನ ಹಿಂದೆ ತಾನೂ ಹೆಜ್ಜೆ ಹಾಕಿದ.

ಸ್ವಿಚ್ಚಿನ ಸದ್ದು ಕೇಳಿಸಿತು. ಫ್ಯಾನು ಎದ್ದಿತು, ಡಿಸ್ಕು ಏಳಲಿಲ್ಲ.

"ಸ್ವಲ್ಪ ತಾಳಿ," ಅಂದ ಹೊಲಿಗೆಯಣ್ಣ ದೂರದಿಂದ. "ಹಳೇ ಹೊಲಿಗೆ ಮಿಷಿನ್ನೂ ಹೀಗೇ ಮಾಡುತ್ತೆ. ಚಕ್ರಕ್ಕೆ ಕೈ ಕೊಡಬೇಕು."

ಏನು ಮಾಡಿದನೋ, ಡಿಸ್ಕನ್ನು ಬಿಚ್ಚಿ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಮಣಿಕಟ್ಟು ಒಮ್ಮೆ ತಿರುಗಿಸಿದೆ ಎಂದು ಆಮೇಲೆ ಹೇಳಿದ. ಹದಿನೆಂಟು ನಿಮಿಷ ಕಳೆಯಿತು.  ನೆಲ ಒರೆಸುತ್ತಿದ್ದವಳು ಕೂಡ ಬಟ್ಟೆ ಹಿಂಡದೆ ನಿಂತಿದ್ದಳು. ಮೂರು ಗಂಟೆ ಇಪ್ಪತ್ತಾರಕ್ಕೆ ಫೋನಿನೊಳಗೆ ಡಿಸ್ಕು ಗುಂಯ್ ಎಂದಿತು. ಮೂವತ್ತೊಂದಕ್ಕೆ ಪಟ್ಟಿಯಲ್ಲಿ ಅರವತ್ತೊಂದು ಕಾಣಿಸಿತು. ಒಂದು ಚೂರು ಬಂತು. ಬೆರಳಚ್ಚು ಹೊಂದಿತು.

ರಿಪೇರಿಯವನು ಫೋನನ್ನು ಅಕ್ಕನ ದಿಂಬಿನ ಪಕ್ಕದಲ್ಲೇ ಬಿಟ್ಟು ಯಂತ್ರದ ಕೋಣೆಗೆ ಓಡಿದ. ಬೋರ್ಡಿಗೆ ಉಪ್ಪು ಕಲಿಸಿದ, ಬಿಸಿ ಕಲಿಸಿದ, ವೇಗ ಕಲಿಸಿದ. ಕೈ ಅವಸರ ಮಾಡಲು ಹೋದಾಗಲೆಲ್ಲ ತಡೆದು, ಪ್ರತಿ ಅಳತೆಯನ್ನೂ ಬೇರೆ ಮೀಟರಿನಲ್ಲಿ ಎರಡು ಸಲ ನೋಡಿದ. ಡಾಕ್ಟರಮ್ಮ ಮೂರನೆಯ ಸಲ ನೋಡಿ ತಲೆಯಾಡಿಸಿದರು. ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಅಕ್ಕನ ಕೈಯಿಂದ ಹೊರಟ ಕಪ್ಪುಗೆಂಪು ರಕ್ತ ಕೊಳವೆಯೊಳಗೆ ಸುತ್ತು ಹೊಡೆದು ಸೋಸುವ ಡಬ್ಬಿಗೆ ಇಳಿಯಿತು, ಆಚೆಯಿಂದ ಹೊರಟು ಮತ್ತೆ ಅವಳ ಕೈಗೆ ಬಂತು.

ಒಂದು ಗಂಟೆಯ ಮೇಲೆ ಹಸಿರು ಗೆರೆಯ ಗುಡ್ಡಗಳು ತಗ್ಗಿದವು. ಆಗ ಅವನಿಗೆ ಫೋನಿನ ನೆನಪಾಯಿತು. ಎತ್ತಿದರೆ ಹೊಲಿಗೆಯಣ್ಣ ಇನ್ನೂ ಅಲ್ಲೇ ಇದ್ದ. ಇಷ್ಟು ಹೊತ್ತೂ ಅಕ್ಕನ ಜೊತೆ ಮಾತಾಡುತ್ತಿದ್ದನಂತೆ. ಅವಳ ಹಳೆಯ ಹೊಲಿಗೆ ಯಂತ್ರ ದಾರ ಕಡಿಯುವುದಕ್ಕೆ ಕಾರಣವನ್ನೂ ಹೇಳಿಕೊಟ್ಟಿದ್ದ.

ನಿಮ್ಮಲ್ಲೂ ಇದೇ ಯಂತ್ರವಾ ಎಂದು ರಿಪೇರಿಯವನು ಕೇಳಿದ.

"ಇದೇ. ಬಟ್ಟೆ ಹೊದಿಸಿ ಇಟ್ಟಿದ್ದೀವಿ."

"ಎಷ್ಟು ವರ್ಷದಿಂದ?"

"ನಾಲ್ಕು."

ಆ ನಾಲ್ಕು ವರ್ಷ ಅಲ್ಲಿಯ ರೋಗಿಗಳು ಎಲ್ಲಿಗೆ ಹೋಗುತ್ತಿದ್ದರು, ಯಾವ ಲಾಂಚು ಹತ್ತುತ್ತಿದ್ದರು, ಹತ್ತಲಾಗದವರು ಏನಾದರು ಎಂದು ಅವನು ಕೇಳಲಿಲ್ಲ.  ಆ ಕಡೆಯವನೂ ಹೇಳಲಿಲ್ಲ.

ಲ್ಯಾಪ್‌ಟಾಪನ್ನು ಎಳೆದುಕೊಂಡು ಗುಂಪಿಗೆ ಬರೆದ. ಪಟ್ಟಿಯಲ್ಲಿರುವ ಆ ಒಂದು ಸಾಲನ್ನು ಎಲ್ಲರೂ ಈಗಲೇ ಅಳಿಸಿ. ಅದನ್ನು ಬರೆದವನು ನಾನು, ತಪ್ಪು ನನ್ನದು. ಸಮ ಆದ ಮೇಲೆ ಏಳಿ ಎನ್ನುವ ನಿಯಮವನ್ನೂ ತೆಗೆದಿದ್ದೇನೆ. ಯಾರೂ ಏಳಬೇಡಿ. ಎಕ್ಸ್‌ರೇ ಮಾಮ ಮೊದಲು ಅಳಿಸಿದರು, ಆಮೇಲೆ ಪಂಪಮ್ಮ. ಒಬ್ಬೊಬ್ಬರಾಗಿ ಒಂಬತ್ತು ಜನ ಹೊಲಿಗೆಯಣ್ಣನ ಕಂಪ್ಯೂಟರಿಗೆ ಕೂಡಿಕೊಂಡರು. ಆ ಊರಿನ ಲೈನು ನಿಧಾನ. ಅರವತ್ತೊಂದು ಅರವತ್ತೆರಡಾಗಲು ಆರು ನಿಮಿಷ ಹಿಡಿಯಿತು.

ಅಕ್ಕನ ಸರದಿ ಮುಗಿಯಲು ಇನ್ನೂ ಮೂರು ಗಂಟೆಯಿತ್ತು. ನರ್ಸಮ್ಮ ಬಂದು ಮನೆಗೆ ಹೋಗಿ ಮುಖ ತೊಳೆದುಕೊಂಡು ಬನ್ನಿ ಎಂದಳು. ಅವನು ತಳ್ಳುಗಾಡಿಯ ಮುಂದಿನಿಂದ ಏಳಲಿಲ್ಲ. ಅಕ್ಕ ಒಂದು ಕಣ್ಣು ತೆರೆದಳು.

"ಅವನಿಗೆ ಎಷ್ಟಾಯ್ತೋ ಪುಟ್ಟ?"

"ಅರವತ್ತಾರು."

"ನೂರಾದಾಗ ಎಬ್ಬಿಸು," ಎಂದು ಅವಳು ಕಣ್ಣು ಮುಚ್ಚಿದಳು.